ತುಂಗೆಯ ಎದುರು ಹರಿವಿನಲ್ಲಿ ನಾಲ್ಕು ದಿನ

ಮೊದಲ ದಿನ: ಕೂಡ್ಲಿ, ಮತ್ತೂರು

ಶಿವಮೊಗ್ಗದಲ್ಲಿ ರೈಲು ಇಳಿದಾಗ ಮಂಜು ಇನ್ನೂ ಕರಗಿರಲಿಲ್ಲ. ಧನುರ್ಮಾಸದ ಬೆಳಗು. ದೇವಸ್ಥಾನಗಳಲ್ಲಿ ಪೂಜೆ ಸೂರ್ಯೋದಯಕ್ಕೆ ಮೊದಲೇ ಮುಗಿದಿರುತ್ತದೆ, ಹುಗ್ಗಿ ಪ್ರಸಾದ ಬೇಕಾದವರು ಆರು ಗಂಟೆಯೊಳಗೆ ಅಲ್ಲಿರಬೇಕು. ಬಸ್ ಸ್ಟ್ಯಾಂಡಿನ ಹತ್ತಿರದ ಸಣ್ಣ ಗುಡಿಯೊಂದರಲ್ಲಿ ಅರ್ಚಕರು ಮುತ್ತುಗದ ಎಲೆಯ ದೊನ್ನೆಗೆ ಬಿಸಿ ಹುಗ್ಗಿ ಹಾಕಿ, ಮೇಲೊಂದು ಚಮಚ ಹುಣಸೆ ಗೊಜ್ಜು ಬಿಟ್ಟುಕೊಟ್ಟರು. ಮೆಣಸು ಸಾಕಷ್ಟು ಬಿದ್ದಿತ್ತು. ಆ ಚಳಿಗೆ ಬೇಕಾದದ್ದೂ ಅದೇ.

ಕೂಡ್ಲಿ ಅಲ್ಲಿಂದ ಸುಮಾರು 15 ಕಿ.ಮೀ. ತುಂಗೆ ಮತ್ತು ಭದ್ರೆ ಕೂಡುವ ಜಾಗ, ಹೆಸರೂ ಅದರಿಂದಲೇ. ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ, ಮಠಗಳು, ಮೆಟ್ಟಿಲು, ಸಂಗಮದ ತುದಿಯಲ್ಲೊಂದು ಪುಟ್ಟ ಗುಡಿ. ಇಲ್ಲಿಂದ ಕೆಳಗೆ ಹರಿದರೆ ಇದೇ ನೀರು ಹಂಪಿಯ ಪುರಂದರದಾಸರ ಮಂಟಪವನ್ನು ಮುಟ್ಟುತ್ತದೆ, ಮುಂದೆ ಮಂತ್ರಾಲಯಕ್ಕೂ ಹೋಗುತ್ತದೆ. ಮೇಲಕ್ಕೆ ಹೋದರೆ ಮತ್ತೂರು, ಹೊಸಹಳ್ಳಿ, ತೀರ್ಥಹಳ್ಳಿ, ಶೃಂಗೇರಿ. ವೇದ, ಗಮಕ (ರಾಗದಲ್ಲಿ ಕಾವ್ಯ ಓದುವ ಕಲೆ), ದಾಸರ ಪದ ಈ ಮೂರೂ ಒಂದೇ ಹೊಳೆಯ ದಡದಲ್ಲಿ ಇಷ್ಟು ಹತ್ತಿರ ಹತ್ತಿರ ಸಿಗುವ ದಾರಿ ಇನ್ನೊಂದು ಕಷ್ಟ. ಅದಕ್ಕೇ ಹೊಳೆಯ ಎದುರು ಹರಿವಿಗೆ ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು.

ಪಂಚಾಂಗ ನೋಡದೆ ಹೊರಟದ್ದು ಮಾತ್ರ ತಪ್ಪು. ಮಧ್ಯಾಹ್ನ ಮತ್ತೂರಿಗೆ ಬಂದಾಗ ವೇದ ಪಾಠಶಾಲೆ ನಿಶ್ಶಬ್ದ. ಹುಡುಗರು ಹೊಳೆಯಲ್ಲಿ ಪಂಚೆ ಒಗೆದು ಕಲ್ಲಿನ ಮೇಲೆ ಹರವುತ್ತಿದ್ದರು. ಜಗಲಿಯಲ್ಲಿ ಕೂತಿದ್ದ ಹಿರಿಯರು ಕೇಳಿದರು, ‘ಯಾವ ತಿಥಿ ಇವತ್ತು?’

ಅಷ್ಟಮಿ. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಯನದ, ಎಂದರೆ ವೇದಪಾಠವಿಲ್ಲದ, ದಿನಗಳು. ಅಮಾವಾಸ್ಯೆಯ ಪಾಠ ಗುರುವಿಗೆ ಕೇಡು, ಚತುರ್ದಶಿಯದು ಶಿಷ್ಯನಿಗೆ, ಅಷ್ಟಮಿ ಹುಣ್ಣಿಮೆಯದು ಕಲಿತ ವೇದಕ್ಕೇ ಕೇಡು ಎನ್ನುತ್ತದೆ ಮನುಸ್ಮೃತಿ. ಭಾನುವಾರ ರಜೆ ಇರುತ್ತದೇನೋ ಎಂದು ಲೆಕ್ಕ ಹಾಕಿ ಹೊರಡುವವರು ಈ ತಿಥಿಗಳನ್ನು ಗುರುತು ಹಾಕಿಕೊಳ್ಳುವುದೇ ಮೇಲು. ‘ನಾಳೆ ನವಮಿ. ಬೆಳಗ್ಗೆ ಬನ್ನಿ, ಪಂಚೆ ಉಟ್ಕೊಂಡು ಬನ್ನಿ, ಮೂಲೇಲಿ ಕೂತ್ಕೊಳ್ಳಿ. ಫೋನು ಮಾತ್ರ ಬೇಡ’ ಎಂದು ಅಪ್ಪಣೆಯಾಯಿತು.

ಉಳಿದ ಹೊತ್ತು ಊರು ಸುತ್ತಿದ್ದಾಯಿತು. ಎದುರುಬದುರಾದ ಮನೆಸಾಲು, ಉದ್ದನೆಯ ಜಗಲಿಗಳು, ಹಿತ್ತಲಿಗೆ ಅಂಟಿಕೊಂಡ ಅಡಿಕೆ ತೋಟ, ತೋಟದ ಆಚೆ ಹೊಳೆ. ಊರು ಶಿವಮೊಗ್ಗದಿಂದ 8 ಕಿ.ಮೀ. ಅಷ್ಟೇ. ‘ಸಂಸ್ಕೃತ ಗ್ರಾಮ’ ಎಂಬ ಹೆಸರು 1980ರ ದಶಕದ ಸಂಭಾಷಣಾ ಶಿಬಿರದ ನಂತರ ದೇಶವೆಲ್ಲ ಹರಡಿತು. ಅದನ್ನು ನಂಬಿ ಬರುವವರು ದಾರಿಯಲ್ಲಿ ಸಿಕ್ಕ ಮಕ್ಕಳನ್ನು ನಿಲ್ಲಿಸಿ ‘ಸಂಸ್ಕೃತದಲ್ಲಿ ಮಾತಾಡು’ ಎಂದು ಕೇಳುತ್ತಾರೆ, ವೀಡಿಯೋ ಮಾಡುತ್ತಾರೆ. ಅದು ಸರಿಯಲ್ಲ. ಇಲ್ಲಿನ ಸಂಕೇತಿಗಳ ಮನೆಮಾತು ಸಂಕೇತಿ, ತಮಿಳು ಮಲಯಾಳಗಳ ನಂಟಿದ್ದು ಕನ್ನಡ ಬೆರೆತ ನುಡಿ. ಅಂಗಡಿಯಲ್ಲಿ, ಗದ್ದೆಯಲ್ಲಿ ಕನ್ನಡ. ಸಂಸ್ಕೃತ ಅನೇಕರಿಗೆ ಬರುತ್ತದೆ, ಆದರೆ ಕಲಿತು ಬಂದದ್ದು. ಪ್ರತಿ ತಲೆಮಾರೂ ಕೂತು ಕಲಿಯಬೇಕಾದ್ದರಿಂದಲೇ ಅದಕ್ಕೆ ಅಷ್ಟು ಬೆಲೆ.

ರಾತ್ರಿ ಊಟಕ್ಕೆ ಪರಿಚಯದವರ ಮನೆಯಲ್ಲಿ ಬಿಸಿ ಅನ್ನ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ, ಅಪ್ಪೆಮಿಡಿ. ಮನೆಯ ಅಜ್ಜಿ ಬಡಿಸುತ್ತಲೇ ಹೇಳಿದರು, ‘ಇವತ್ತು ಊರು ಸಪ್ಪೆ ಕಣಪ್ಪ. ನಾಳೆ ಕೇಳು.’

ಎರಡನೆಯ ದಿನ: ಮತ್ತೂರಿನ ಬೆಳಗು, ಹೊಸಹಳ್ಳಿಯ ಸಂಜೆ

ಆರೂವರೆಗೆ ಐದು ಹುಡುಗರು ಚಾಪೆಯ ಮೇಲೆ ಕೂತಿದ್ದರು, ಎದುರಿಗೆ ಗುರುಗಳು. ಐದಕ್ಕಿಂತ ಹೆಚ್ಚು ಮಂದಿಯನ್ನು ಒಟ್ಟಿಗೆ ಕೂರಿಸುವುದಿಲ್ಲವಂತೆ. ದನಿ ಹೆಚ್ಚಾದಷ್ಟೂ ಒಬ್ಬನ ತಪ್ಪು ಇನ್ನೊಬ್ಬನ ದನಿಯಲ್ಲಿ ಮುಚ್ಚಿಹೋಗುತ್ತದೆ. ಪಾಠ ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆ: 7 ಕಾಂಡ, ಅವುಗಳಲ್ಲಿ 44 ಪ್ರಶ್ನ, ಪ್ರಶ್ನಗಳೊಳಗೆ 651 ಅನುವಾಕ. ಪುಸ್ತಕ ಎದುರಿಗಿಲ್ಲ. ಗುರುಗಳು ಒಂದು ಸಲ ಹೇಳುತ್ತಾರೆ, ಶಿಷ್ಯರು ಎರಡು ಸಲ. ಇದಕ್ಕೆ ಸಂಥೆ ಎನ್ನುತ್ತಾರೆ. ಮೊದಲು ಎರಡು ಮೂರು ಪದ, ಆಮೇಲೆ ಅರ್ಧ ವಾಕ್ಯ, ಆಮೇಲೆ ಇಡೀ ವಾಕ್ಯ. ಒಂದು ತುಂಡು ಗಟ್ಟಿಯಾದ ಮೇಲೆ ಅದನ್ನು ಹಿಂದಿನ ತುಂಡಿಗೆ ಸೇರಿಸಿ ಮೊದಲಿಂದ ಹೇಳಬೇಕು. ಅದೇ ದಿನ ಹತ್ತು ಆವೃತ್ತಿ. ಮರುದಿನ ಹೊಸ ಪಾಠಕ್ಕೆ ಮುಂಚೆ ನಿನ್ನೆಯದನ್ನು ಗುರುಗಳ ದನಿಯಿಲ್ಲದೆ ಒಪ್ಪಿಸಬೇಕು. ಹೀಗೆ ಸಂಹಿತೆ, ಅದರ ಮುಂದಿನ ಭಾಗಗಳಾದ ಬ್ರಾಹ್ಮಣ, ಆರಣ್ಯಕ ಮುಗಿಯುವಾಗ ಏಳೆಂಟು ವರ್ಷ.

ತಪ್ಪಾದಾಗ ಗುರುಗಳು ಇಂಥದ್ದು ತಪ್ಪು ಎಂದು ಹೇಳಲಿಲ್ಲ. ಪಕ್ಕದ ಮಣೆಯ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದರು, ಅಷ್ಟೇ. ಹುಡುಗ ನಿಂತ, ಹಿಂದಿನ ಮೂರು ಪದಕ್ಕೆ ಹೋದ, ಮತ್ತೆ ಬಂದ. ಮತ್ತೆ ಅಲ್ಲೇ ತಟ್ಟು. ಮೂರನೆಯ ಸಲಕ್ಕೆ ತಾನಾಗಿಯೇ ಸ್ವರ ಏರಿಸಿದ, ಮಣೆ ಸುಮ್ಮನಿತ್ತು. ತಪ್ಪನ್ನು ತೋರಿಸಿಕೊಟ್ಟರೆ ಆ ಒಂದು ಜಾಗ ಮಾತ್ರ ಸರಿಹೋಗುತ್ತದೆ, ತಾನೇ ಹುಡುಕಿದರೆ ಕಿವಿ ಸರಿಹೋಗುತ್ತದೆ ಎಂದರು ಆಮೇಲೆ.

ಸ್ವರದ ವಿಷಯದಲ್ಲಿ ಇಷ್ಟು ಬಿಗಿ ಯಾಕೆಂಬುದಕ್ಕೆ ವೇದದಲ್ಲೇ ಬರುವ ಇಂದ್ರಶತ್ರುವಿನ ಕಥೆಯನ್ನು ಹುಡುಗರಿಗೆ ಮೊದಲ ವರ್ಷದಲ್ಲೇ ಹೇಳುತ್ತಾರೆ. ಇಂದ್ರನನ್ನು ಕೊಲ್ಲುವ ಮಗ ಬೇಕೆಂದು ತ್ವಷ್ಟೃ ‘ಇಂದ್ರಶತ್ರು’ ಎಂದು ಹೋಮ ಮಾಡಿದ. ಉದಾತ್ತ, ಎಂದರೆ ಏರು ಸ್ವರ, ಕೊನೆಯ ಅಕ್ಷರದ ಮೇಲೆ ಬಿದ್ದರೆ ‘ಇಂದ್ರನನ್ನು ಕೊಲ್ಲುವವನು’, ಮೊದಲ ಅಕ್ಷರದ ಮೇಲೆ ಬಿದ್ದರೆ ‘ಇಂದ್ರನೇ ಯಾರಿಗೆ ಕೊಲೆಗಾರನೋ ಅವನು’. ಸ್ವರ ಮೊದಲಿಗೆ ಬಿತ್ತು, ಹುಟ್ಟಿದ ಮಗ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಅಕ್ಷರ ಒಂದೂ ಬದಲಾಗಲಿಲ್ಲ, ಸ್ವರ ಮಾತ್ರ ಬದಲಾಯಿತು.

ಕಲಿಯುವವರು ಎಡವುವುದು ಹೆಚ್ಚಾಗಿ ಮೂರು ಕಡೆ. ಉಸಿರು ಮುಗಿದು ಪದದ ನಡುವೆ ನಿಂತರೆ ಮುಂದಿನ ಸ್ವರ ಕುಸಿಯುತ್ತದೆ. ಅನುಸ್ವಾರದ ಮುಂದೆ ಶ, ಷ, ಸ, ಹ, ರ ಬಂದರೆ ಈ ಶಾಖೆಯಲ್ಲಿ ‘ಗ್ಂ’ ಎಂದು ಉಚ್ಚಾರ, ಅದಕ್ಕೆ ಉಕಾರ ಸೇರಿಸಿ ‘ಗುಂ’ ಎಂದು ಗುಡುಗುವುದು ಪುಸ್ತಕ ನೋಡಿ ಕಲಿತವರ ಚಾಳಿ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು, ದಾರಿ ತಪ್ಪುವುದು. ಯಜುಸ್ಸಿನಲ್ಲಿ ಒಂದೇ ಥರದ ವಾಕ್ಯಗಳು ಬೇರೆ ಬೇರೆ ಅನುವಾಕಗಳಲ್ಲಿ ಬರುತ್ತವೆ. ಈ ಅನುವಾಕದಲ್ಲಿ ಹೊರಟವನು ಆ ಅನುವಾಕದಲ್ಲಿ ಮುಗಿಸುತ್ತಾನೆ, ಅವನಿಗೇ ಗೊತ್ತಾಗುವುದಿಲ್ಲ.

ಅದಕ್ಕೆ ಹಿಂದಿನವರು ಮಾಡಿದ ಏರ್ಪಾಡು ನೋಡಬೇಕು. ಪ್ರತಿ ಅನುವಾಕವನ್ನು 50 ಪದಕ್ಕೊಂದರಂತೆ ಕತ್ತರಿಸಿದ್ದಾರೆ. ಒಂದು ತುಂಡಿಗೆ ಪಂಚಾಶತ್ ಎಂದು ಹೆಸರು, ರೂಢಿಯಲ್ಲಿ ಪನಸ. ಅನುವಾಕದ ಕೊನೆಗೆ ಗುರುತಿನ ಪದ, ಉಳಿದ ಪದಗಳ ಲೆಕ್ಕ. ಸಂಹಿತೆಯ ಮೊಟ್ಟಮೊದಲ ಅನುವಾಕ ಮುಗಿದ ಮೇಲೆ ‘ಇಷೇ ತ್ರಿಚತ್ವಾರಿಗ್ಂಶತ್’ ಎಂದು ಬರುತ್ತದೆ. ಅಂದರೆ ‘ಇಷೇ’ಯಿಂದ ಶುರುವಾದದ್ದರಲ್ಲಿ 43 ಪದ. ಒಂದು ಪದ ಬಿಟ್ಟುಹೋದರೂ, ಒಂದು ಸೇರಿದರೂ ಲೆಕ್ಕ ಹಿಡಿದುಕೊಡುತ್ತದೆ.

ಎಂಟು ಗಂಟೆಗೆ ದೊಡ್ಡ ಹುಡುಗರ ಪಾಳಿ. ಅವರದು ಘನಪಾಠ. ‘ಓಷಧಯಃ ಸಂ ವದಂತೇ’ ಎಂಬ ಮೂರು ಪದವನ್ನು ಅವರು ಹೇಳುವ ರೀತಿ ಇದು: ‘ಓಷಧಯಃ ಸಂ, ಸಮೋಷಧಯ, ಓಷಧಯಃ ಸಂ ವದಂತೇ, ವದಂತೇ ಸಮೋಷಧಯ, ಓಷಧಯಃ ಸಂ ವದಂತೇ’. ಒಂದು–ಎರಡು, ಎರಡು–ಒಂದು, ಒಂದು–ಎರಡು–ಮೂರು, ಮೂರು–ಎರಡು–ಒಂದು, ಮತ್ತೆ ಒಂದು–ಎರಡು–ಮೂರು. ಮೂರು ಪದ ಸೇರಿ 13 ಸಲ. ಮುಂದಿನ ಸುತ್ತು ಎರಡನೆಯ ಪದದಿಂದ ಶುರು. ಹಿಂದುಮುಂದಾದಾಗೆಲ್ಲ ಸಂಧಿ ಬದಲಾಗುತ್ತದೆ, ಸಂಧಿಯ ಜೊತೆ ಸ್ವರ ಬದಲಾಗುತ್ತದೆ. ಇಬ್ಬರು ಹುಡುಗರು ಎದುರುಬದುರು ಕೂತು ಒಬ್ಬರ ಬಾಯಿ ಒಬ್ಬರು ನೋಡುತ್ತ ಹೇಳುತ್ತಿದ್ದರು. ಘನವನ್ನು ಒಬ್ಬನೇ ಕೂತು ಅಭ್ಯಾಸ ಮಾಡುವುದಕ್ಕೆ ಇಲ್ಲಿ ಯಾರೂ ಬೆಲೆ ಕೊಡುವುದಿಲ್ಲ. ಕೇಳಿಸಿಕೊಳ್ಳುವ ಎರಡನೆಯವನು ಇಲ್ಲದಿದ್ದರೆ ತಪ್ಪೂ ಸರಿಯಷ್ಟೇ ಗಟ್ಟಿಯಾಗಿ ಕೂತುಬಿಡುತ್ತದೆ. ಧ್ವನಿಮುದ್ರಿಕೆ ಕೇಳಿ ರುದ್ರ ಕಲಿಯುವವರ ತೊಂದರೆಯೂ ಇದೇ. ಫೋನು ಹೇಳಿಕೊಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಗಟ್ಟಿ ಮಾಡಿಕೊಂಡದ್ದನ್ನು ತಿದ್ದುವ ಮುದ್ರಿಕೆ ಇನ್ನೂ ಬಂದಿಲ್ಲ. ಹತ್ತಿರದಲ್ಲಿ ಒಬ್ಬರು ವೈದಿಕರಿದ್ದರೆ ವಾರಕ್ಕೆ ಅರ್ಧ ಗಂಟೆ ಅವರ ಎದುರು ಹೇಳಿ ಒಪ್ಪಿಸುವುದು ನೂರು ಸಲ ಕೇಳುವುದಕ್ಕಿಂತ ಮೇಲು.

ಸಂಜೆ ಹೊಳೆಯ ಆಚೆ ದಡದ ಹೊಸಹಳ್ಳಿ. ಎರಡೂ ಊರನ್ನು ಜನ ಜೋಡಿಹೆಸರಾಗಿಯೇ ಹೇಳುತ್ತಾರೆ, ಮತ್ತೂರು–ಹೊಸಹಳ್ಳಿ. ಆ ದಡದ ಹೆಸರು ವೇದಕ್ಕೆ ಕೇಳಿಬಂದಂತೆ ಈ ದಡದ್ದು ಗಮಕಕ್ಕೆ. 2022ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಕೊನೆಗೆ ತೀರಿಕೊಂಡ ಎಚ್.ಆರ್. ಕೇಶವಮೂರ್ತಿಯವರ ಊರು ಇದು. ಅವರ ವಾಚನವನ್ನು ಆಕಾಶವಾಣಿಯಲ್ಲಿ, ಕ್ಯಾಸೆಟ್ಟಿನಲ್ಲಿ ಕೇಳಿದವರಿಗೆ ಕುಮಾರವ್ಯಾಸನ ಪದ್ಯವೆಂದರೆ ಆ ದನಿಯೇ ನೆನಪಾಗುತ್ತದೆ.

ಗಮಕ ಎಂದರೆ ಕಾವ್ಯವನ್ನು ರಾಗದಲ್ಲಿ ಓದುವುದು. ತಾಳವಿಲ್ಲ, ಪಕ್ಕವಾದ್ಯವಿಲ್ಲ, ಶ್ರುತಿ ಒಂದೇ ಆಸರೆ. ವಾಚನಕಾರರು ಒಂದು ಪದ್ಯ ಓದುತ್ತಾರೆ, ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳುತ್ತಾರೆ. ಇಲ್ಲೂ ಇಬ್ಬರು. ಆ ಸಂಜೆ ಜಗಲಿಯ ಮೇಲೆ ಎಂಟು ಮಂದಿ ಕಲಿಯುವವರಿದ್ದರು, ಆರು ಮಂದಿ ಹೆಂಗಸರು, ಇಬ್ಬರು ಗಂಡಸರು. ಶ್ರುತಿ ಪೆಟ್ಟಿಗೆಯ ಬ್ಯಾಟರಿ ಕೈಕೊಟ್ಟಿತ್ತು, ಕರೆಂಟೂ ಇರಲಿಲ್ಲ. ಹೆಂಗಸರ ಶ್ರುತಿ ಐದು ಮನೆ, ಗಂಡಸರದು ಒಂದು ಮನೆ (ಮನೆ ಎಂದರೆ ಹಾರ್ಮೋನಿಯಂನ ಬಿಳಿ ಮನೆಗಳ ಎಣಿಕೆ), ಇಬ್ಬರನ್ನೂ ಒಂದೇ ಶ್ರುತಿಗೆ ಎಳೆದರೆ ಯಾರಾದರೊಬ್ಬರ ಗಂಟಲು ಒಡೆಯುತ್ತದೆ. ಹೇಳಿಕೊಡುವ ಅಮ್ಮ ದಾರಿ ಕಂಡುಕೊಂಡರು. ಒಂದು ಮನೆಯ ಪಂಚಮವೇ ಐದು ಮನೆಯ ಷಡ್ಜ. ಗಂಡಸರಲ್ಲಿ ಒಬ್ಬರಿಗೆ ‘ಸಾ’ ಹಿಡಿದಿರಿ ಎಂದರು, ಇನ್ನೊಬ್ಬರಿಗೆ ‘ಪಾ’. ಹೆಂಗಸರು ಆ ಪಂಚಮಕ್ಕೆ ತಮ್ಮ ಷಡ್ಜ ಸೇರಿಸಿದರು. ಕರೆಂಟು ಬರುವವರೆಗೆ ಪಾಠ ಹಾಗೇ ನಡೆಯಿತು.

ಪಾಠಕ್ಕೆ ಇಟ್ಟುಕೊಂಡದ್ದು ಗದುಗಿನ ಭಾರತದ ಮೊದಲ ಪದ್ಯ. ಭಾಮಿನಿ ಷಟ್ಪದಿ. 1, 2, 4, 5ನೇ ಸಾಲಿಗೆ 3–4–3–4ರಂತೆ 14 ಮಾತ್ರೆ, 3 ಮತ್ತು 6ನೇ ಸಾಲಿಗೆ 23, ಒಟ್ಟು 102. ಮಾತ್ರೆಯಂತೆ ಕತ್ತರಿಸಿದರೆ ಹೀಗೆ ಬರುತ್ತದೆ:

ಶ್ರೀವ | ನಿತೆಯರ | ಸನೆ ವಿ | ಮಲ ರಾ
ಜೀವ | ಪೀಠನ | ಪಿತನೆ | ಜಗಕತಿ
ಪಾವ | ನನೆ ಸನ | ಕಾದಿ | ಸಜ್ಜನ | ನಿಕರ | ದಾತಾ | ರ

ಹೊಸಬರು ಸಾಲಿನ ಕೊನೆಗೆ ಉಸಿರು ತೆಗೆಯುತ್ತಾರೆ. ಆಗ ‘ವಿಮಲ ರಾ’ ಒಂದು ಕಡೆ, ‘ಜೀವಪೀಠನ’ ಇನ್ನೊಂದು ಕಡೆ. ರಾಜೀವಪೀಠ, ಎಂದರೆ ತಾವರೆಯ ಮೇಲೆ ಕೂತ ಬ್ರಹ್ಮ, ಮಾಯವಾಗಿ ಅರ್ಥವಿಲ್ಲದ ಒಂದು ‘ಜೀವಪೀಠ’ ಹುಟ್ಟುತ್ತದೆ. ಗಮಕಿ ನಿಲ್ಲಬೇಕಾದದ್ದು ಅರ್ಥ ನಿಲ್ಲುವಲ್ಲಿ: ಶ್ರೀವನಿತೆಯರಸನೆ, ವಿಮಲ ರಾಜೀವಪೀಠನ ಪಿತನೆ, ಜಗಕತಿಪಾವನನೆ. ಅರ್ಥಕ್ಕಾಗಿ ಸಾಲು ದಾಟಬೇಕು, ಆದರೆ ಒಳಗಿನ ಮೂರು–ನಾಲ್ಕರ ನಡೆ ಕಿವಿಗೆ ಬೀಳುತ್ತಲೇ ಇರಬೇಕು. ಗಮಕದ ಮುಕ್ಕಾಲು ಪಾಲು ವಿದ್ಯೆ ಇಲ್ಲಿದೆ, ರಾಗ ಆಮೇಲಿನ ಮಾತು.

ಒಬ್ಬ ಹುಡುಗಿ ಒಳ್ಳೆಯ ಕಂಠದವಳು. ‘ಪಿತನೆ’ ಎಂಬಲ್ಲಿ ಮೋಹನದ ಗಾಂಧಾರವನ್ನು ಚೆಂದವಾಗಿ ಎಳೆದಳು. ಅಮ್ಮ ಕೈ ಎತ್ತಿದರು. ‘ಪೀತನೆ ಅಂದೆ ನೋಡು ಮಗಾ. ತಂದೆ ಹೋಗಿ ಹಳದಿ ಬಣ್ಣ ಆದ. ಎಳೆಯೋದಿದ್ರೆ ಕೊನೇ ಅಕ್ಷರದಲ್ಲಿ ಎಳಿ, ಹ್ರಸ್ವದಲ್ಲಿ ಬೇಡ.’ ಸಂಗೀತ ಕಲಿತು ಗಮಕಕ್ಕೆ ಬಂದವರೆಲ್ಲ ಮೊದಲ ವರ್ಷ ಎಡವುವುದು ಈ ಹ್ರಸ್ವ–ದೀರ್ಘದಲ್ಲೇ.

ಹೊಸ ಪದ್ಯ ತೆಗೆದುಕೊಳ್ಳುವ ಕ್ರಮವೂ ನಿಗದಿ. ಮೊದಲು ಅನ್ವಯ, ಗದ್ಯವಾಗಿ ಹೇಳಿ ಅರ್ಥ ಮಾಡಿಕೊಳ್ಳುವುದು. ಆಮೇಲೆ ಪದವಿಭಾಗ. ಆಮೇಲೆ ರಾಗವಿಲ್ಲದೆ ಬರೀ ಮಾತ್ರೆಯ ನಡೆಯಲ್ಲಿ ಎರಡು ಸಲ. ಕೊನೆಗೆ ಭಾವ ನೋಡಿ ರಾಗ. ಮರೆತುಹೋದರೆ ಹಿಡಿದುಕೊಳ್ಳಲು ಪ್ರಾಸವಿದೆ. ಈ ಪದ್ಯದ ಆರೂ ಸಾಲಿನ ಎರಡನೆಯ ಅಕ್ಷರ ವಕಾರ: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಮುಂದಿನ ಸಾಲು ನೆನಪಾಗದಿದ್ದರೆ ಪ್ರಾಸಾಕ್ಷರ ಹುಡುಕಿದರೆ ಸಾಲು ತಾನೇ ಬರುತ್ತದೆ.

ಒಂದೂವರೆ ಗಂಟೆಯ ವಾಚನ–ವ್ಯಾಖ್ಯಾನದಲ್ಲಿ ಸುಮಾರು 30 ಪದ್ಯ ಸಾಗುತ್ತದೆ. ಇಡೀ ಗದುಗಿನ ಭಾರತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳಿವೆ. ವಾರಕ್ಕೊಮ್ಮೆ ಕೂತರೆ ಮುಗಿಯುವುದಕ್ಕೆ ಐದು ವರ್ಷದ ಮೇಲೆ ಬೇಕು. ಈಗ ಸಭೆಗಳಲ್ಲಿ 40 ನಿಮಿಷದ ಗಮಕ ಇಡುತ್ತಾರೆ, ಆರಿಸಿದ ಹತ್ತು ಪದ್ಯ ಓದಿ ಮುಗಿಸುತ್ತಾರೆ. ಅದರಿಂದ ಕಲೆಯ ಪರಿಚಯವಾಗುತ್ತದೆ, ಕಥೆ ಉಳಿಯುವುದಿಲ್ಲ. ಕಥೆ ಉಳಿಯಬೇಕಾದರೆ ವಾರ ವಾರ ಬಂದು ಕೂರುವ ಕೇಳುಗರು ಬೇಕು. ಹೊಸಹಳ್ಳಿಯ ಆ ಜಗಲಿಯ ಕೆಳಗೆ, ಕಲಿಯದೆ ಬರೀ ಕೇಳಲು ಬಂದ ನಾಲ್ಕು ಮಂದಿ ಶಾಲು ಹೊದ್ದು ಕೂತಿದ್ದರು. ಒಬ್ಬರು ದಿನಾ ಹೀಗೇ ಬರುತ್ತಾರಂತೆ.

ಮೂರನೆಯ ದಿನ: ತೀರ್ಥಹಳ್ಳಿ ದಾರಿ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಅರವತ್ತು ಕಿ.ಮೀ. ಆಸುಪಾಸು. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆಗಳು, ಮಂಡಗದ್ದೆ ಎಲ್ಲ ತುಂಗೆಯ ಪಕ್ಕದಲ್ಲೇ. ಮಂಡಗದ್ದೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವುದು ಮಳೆಗಾಲದಲ್ಲಿ. ಡಿಸೆಂಬರಿನಲ್ಲಿ ಮರಗಳು ಖಾಲಿ.

ಮಂಡಗದ್ದೆ ದಾಟಿ ಸ್ವಲ್ಪ ದೂರದಲ್ಲಿ ಟೈರು ಪಂಕ್ಚರ್, ಸ್ಟೆಪ್ನಿಯಲ್ಲೂ ಗಾಳಿಯಿರಲಿಲ್ಲ. ಡ್ರೈವರು ಚಕ್ರ ಬಿಚ್ಚಿಕೊಂಡು ಬಸ್ ಹತ್ತಿದರು. ಕಾಯುವುದಕ್ಕೆ ಸಿಕ್ಕಿದ್ದು ದಾರಿಬದಿಯ ಒಂದು ಅಡಿಕೆ ಮನೆಯ ಅಂಗಳ. ಅಡಿಕೆ ಗೊನೆಯ ಕೊಯ್ಲಿನ ಕಾಲ. ಚಪ್ಪರದಡಿ ಏಳೆಂಟು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದರು. ಆಚೆ ಹಂಡೆಯಲ್ಲಿ ಸುಲಿದ ಅಡಿಕೆ ಬೇಯುತ್ತಿತ್ತು, ಚೊಗರಿನ ಒಗರು ವಾಸನೆ ಅಂಗಳವೆಲ್ಲ. ಮನೆಯವರು ಕೇಳದೆಯೇ ಬೆಲ್ಲದ ಕಾಫಿ ತಂದುಕೊಟ್ಟರು.

ಹೊಸಹಳ್ಳಿಯ ಮಾತು ಬಂದಾಗ ಮನೆಯ ಹಿರಿಯಜ್ಜಿ ಕತ್ತಿ ನಿಲ್ಲಿಸದೆಯೇ ಹೇಳಿದರು. ‘ನಾವು ಸಣ್ಣೋರಿದ್ದಾಗ ಅಡಿಕೆ ಸುಲಿಯೋದು ರಾತ್ರಿನೇ. ಲಾಟೀನು ಇಟ್ಕೊಂಡು ಒಬ್ರು ಜೈಮಿನಿ ಓದೋರು. ಓದೋರು ಒಬ್ರು, ಸುಲಿಯೋರು ಇಪ್ಪತ್ತು ಜನ. ನಿದ್ದೆ ಬರಬಾರ್ದಲ್ಲ.’ ಓದುವವರು ತಪ್ಪಿದರೆ? ‘ಅಯ್ಯೋ, ಬಿಡ್ತಿದ್ವಾ? ಅಕ್ಷರ ಬರದ ಹೆಂಗಸ್ರೇ ಮುಂದಿನ ಸಾಲು ಹೇಳೋರು.’

ಲಕ್ಷ್ಮೀಶನ ಜೈಮಿನಿ ಭಾರತ ವಾರ್ಧಕ ಷಟ್ಪದಿಯಲ್ಲಿದೆ. ಐದೈದು ಮಾತ್ರೆಯ ನಡೆ, ಒಂದು ಪದ್ಯಕ್ಕೆ 144 ಮಾತ್ರೆ. ಭಾಮಿನಿಗಿಂತ ನಿಧಾನ, ತೂಗಿದಂತೆ ಸಾಗುತ್ತದೆ, ಕೈ ಕೆಲಸಕ್ಕೆ ಹೊಂದುತ್ತದೆ. ಅಜ್ಜಿ ಚಂದ್ರಹಾಸನ ಕಥೆಯಿಂದ ಎರಡು ಸಾಲು ಗುನುಗಿದರು. ಪಕ್ಕದ ಸೊಸೆ ಕೇಳುತ್ತ ಸುಲಿಯುತ್ತಿದ್ದಳು, ಆಕೆಗೆ ಮುಂದಿನ ಸಾಲು ಬರಲಿಲ್ಲ. ಈಗ ಅನೇಕ ಮನೆಗಳಲ್ಲಿ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಓದು ಕೇಳುವುದೂ ಇಲ್ಲ.

ತೀರ್ಥಹಳ್ಳಿ ಮುಟ್ಟಿದಾಗ ಮೂರು ಗಂಟೆ. ಎಳ್ಳಮಾವಾಸ್ಯೆ ಜಾತ್ರೆಗೆ ಐದೇ ದಿನ ಉಳಿದಿತ್ತು, ರಾಮತೀರ್ಥದ ಹತ್ತಿರ ಅಂಗಡಿಗಳ ಗಳ ನೆಡುತ್ತಿದ್ದರು. ಊಟ ಮುಗಿದುಹೋಗಿತ್ತು. ಸಿಕ್ಕಿದ್ದು ಅಕ್ಕಿರೊಟ್ಟಿ, ಕಾಯಿಚಟ್ನಿ, ಒಂದು ಪೊಟ್ಟಣ ತೊಡೆದೇವು. ಕೊಪ್ಪ, ಹರಿಹರಪುರದ ದಾರಿಯಾಗಿ ಶೃಂಗೇರಿ ಸೇರುವಾಗ ಕತ್ತಲಾಗಿತ್ತು. ಎಂಟೂವರೆಯ ಹೊತ್ತಿಗೆ ಮಠದ ಗುರುಗಳ ಬಿಡಾರವಾದ ಗುರುನಿವಾಸದಲ್ಲಿ ಚಂದ್ರಮೌಳೀಶ್ವರ ಪೂಜೆ. ಅದನ್ನು ನೋಡಬೇಕಾದವರು ಹೊಳೆ ದಾಟಿ, ಗುರುನಿವಾಸ ಇರುವ ನರಸಿಂಹವನಕ್ಕೆ ಮೊದಲೇ ಹೋಗಿ ಕೂರಬೇಕು. ಪೂಜೆಯ ನಡುವೆ ವೇದಘೋಷ ಎದ್ದಾಗ ಕಿವಿ ಮತ್ತೂರಿನ ಸ್ವರವನ್ನೇ ಹುಡುಕುತ್ತಿತ್ತು, ಸಿಕ್ಕಿತು ಕೂಡ.

ನಾಲ್ಕನೆಯ ದಿನ: ಶೃಂಗೇರಿ, ಏಕಾದಶಿ

ಬೆಳಗ್ಗೆ ವಿದ್ಯಾಶಂಕರ ದೇವಾಲಯದಲ್ಲಿ ಜನವಿರಲಿಲ್ಲ. 12 ಕಂಬಗಳಲ್ಲಿ 12 ರಾಶಿ. ಆಯಾ ಸೌರಮಾಸದಲ್ಲಿ ಬಿಸಿಲು ಆಯಾ ಕಂಬದ ಮೇಲೆ ಬೀಳುವ ಹಾಗೆ ಕಟ್ಟಿದ್ದಾರೆ ಎಂದು ಕಾವಲಿನವರು ಧನುಸ್ಸಿನ ಕಂಬ ತೋರಿಸಿದರು. ಮಂಜು ದಟ್ಟವಾಗಿತ್ತು, ಬಿಸಿಲು ಬರಲಿಲ್ಲ.

ಶಾರದೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ನಡೆಯುತ್ತಿತ್ತು. ತಂದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಟ್ಟೆಯ ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸುತ್ತಿದ್ದರು. ಅಕ್ಕಿ ತೆಳ್ಳಗೆ ಹರಡಿರಬೇಕು. ರಾಶಿಯಾಗಿದ್ದರೆ ಬರೆದ ಅಕ್ಷರ ಕುಸಿದು ಮುಚ್ಚಿಕೊಳ್ಳುತ್ತದೆ, ಮಗುವಿಗೆ ತಾನು ಬರೆದದ್ದು ಕಾಣುವುದಿಲ್ಲ. ಅರ್ಚಕರು ಮೊದಲು ಹಾಗೇ ಕೈಯಾಡಿಸಿ ಅಕ್ಕಿಯನ್ನು ಸಮ ಮಾಡಿಕೊಟ್ಟರು. ಶಾಸ್ತ್ರಗಳಲ್ಲಿ ಆಸಕ್ತಿ ಇರುವವರು ಭಾದ್ರಪದದಲ್ಲಿ, ಗಣೇಶ ಚತುರ್ಥಿಗೆ ಶುರುವಾಗುವ ವಾಕ್ಯಾರ್ಥ ಸಭೆಯ ಹೊತ್ತಿಗೆ ಬಂದರೆ ವಿದ್ವಾಂಸರು ಸಂಸ್ಕೃತದಲ್ಲಿ ವಾದಿಸುವುದನ್ನು ಕೇಳಬಹುದು.

ಸಂಜೆ ಊರಿನ ಒಂದು ಮನೆಯಲ್ಲಿ ಏಕಾದಶಿ ಭಜನೆ. ಹನ್ನೆರಡು ಮಂದಿ ಹೆಂಗಸರ ಮಂಡಳಿ, ಒಂದು ಹಾರ್ಮೋನಿಯಂ, ಒಂದು ಜೊತೆ ತಾಳ. ಒಂದೇ ಜೊತೆ ಯಾಕೆ ಎಂದು ಕೇಳಿದ್ದಕ್ಕೆ ಹೇಳಿಕೊಡುವ ಅಕ್ಕ ವಿವರಿಸಿದರು. ನಾಲ್ಕು ಜೊತೆ ಇದ್ದರೆ ಪ್ರತಿಯೊಬ್ಬರೂ ಕೂದಲೆಳೆಯಷ್ಟು ಮುಂದೆ ಬಡಿಯುತ್ತಾರೆ, ಮೂರನೆಯ ಚರಣಕ್ಕೆ ಹಾಡು ಓಡುತ್ತಿರುತ್ತದೆ, ಅಕ್ಷರ ನುಂಗಿಹೋಗುತ್ತವೆ. ಆದಿತಾಳದ ಎಂಟು ಎಣಿಕೆಗೂ ಚಪ್ಪಾಳೆ ತಟ್ಟಿದರೂ ಅದೇ ಗತಿ. ಬೆರಳೆಣಿಕೆ ಬಿಡಬಾರದು: ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ತಟ್ಟು, ಬೀಸು, ತಟ್ಟು, ಬೀಸು. ಬೆರಳು ಮಡಿಸುವ ಹೊತ್ತೇ ವೇಗಕ್ಕೆ ಕಡಿವಾಣ.

ಗಣಪತಿ, ಗುರು, ಶಾರದೆ, ಶಿವ ಆದ ಮೇಲೆ ದಾಸರ ಪದಗಳು. ಈ ಮಂಡಳಿಯ ಒಂದು ಕಟ್ಟುಪಾಡು ಎಲ್ಲ ಮಂಡಳಿಗಳೂ ಹಿಡಿಯಬೇಕಾದ್ದು. ಹೊತ್ತಿಲ್ಲದಿದ್ದರೆ ನಡುವಿನ ಚರಣ ಬಿಡುತ್ತಾರೆ, ಕೊನೆಯದನ್ನು ಬಿಡುವುದಿಲ್ಲ. ಪದ ಕಟ್ಟಿದವರ ಗುರುತಾದ ಅಂಕಿತ ಇರುವುದು ಅಲ್ಲಿ. ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಹಯವದನ, ವಿಜಯವಿಠಲ, ಜಗನ್ನಾಥವಿಠಲ, ಹೆಳವನಕಟ್ಟೆ ಗಿರಿಯಮ್ಮನ ರಂಗ, ಹರಪನಹಳ್ಳಿ ಭೀಮವ್ವನ ಭೀಮೇಶಕೃಷ್ಣ. ಪಲ್ಲವಿ ಮತ್ತು ಎರಡು ಚರಣಕ್ಕೆ ನಿಲ್ಲಿಸುವ ಅಭ್ಯಾಸದಿಂದ ಎಷ್ಟೋ ಪದಗಳಿಗೆ ಹೆತ್ತವರು ಇಲ್ಲವಾಗಿದ್ದಾರೆ, ಎಲ್ಲವೂ ಪುರಂದರದಾಸರ ಹೆಸರಿಗೆ ಬೀಳುತ್ತಿವೆ. ಮೊದಲು ಮರೆಯಾಗುವುದು ಗಿರಿಯಮ್ಮ, ಭೀಮವ್ವರಂಥ ಹೆಣ್ಣುಮಕ್ಕಳ ಹೆಸರು. ಮಂಡಳಿಯ ಕೈಬರಹದ ಪುಸ್ತಕದಲ್ಲಿ ಪ್ರತಿ ಪದದ ತಲೆಯ ಮೇಲೆ ಮೊದಲು ಅಂಕಿತ, ಆಮೇಲೆ ರಾಗ, ತಾಳ, ಯಾರಿಂದ ಕಲಿತದ್ದು ಎಂದು ಬರೆದಿತ್ತು. ‘ಅಮ್ಮನಿಂದ’, ‘ಕೊಪ್ಪದ ಅತ್ತೆಯಿಂದ’. ಬಳಕೆಯಿಂದ ಪುಟಗಳ ಮೂಲೆ ಮೆತ್ತಗಾಗಿದ್ದವು.

ಉಪವಾಸದವರಿಗೆ ಹಣ್ಣು, ಹಾಲು. ಬಂದವರಿಗೆ ಕಾಯಿತುರಿ ಬೆರೆಸಿದ ಸಿಹಿ ಅವಲಕ್ಕಿ.

ಮರುದಿನ ದ್ವಾದಶಿ, ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಹೊಳೆಯ ಮೆಟ್ಟಿಲಲ್ಲಿ ಮೀನುಗಳು ಮಂಡಕ್ಕಿಗೆ ಮುಗಿಬೀಳುತ್ತಿದ್ದವು. ಮೇಲಿನ ಮೆಟ್ಟಿಲಲ್ಲಿ ಎಂಟೊಂಬತ್ತರ ಒಬ್ಬ ಮಾಣಿ ಸಂಧ್ಯಾವಂದನೆ ಮುಗಿಸಿ, ಕಣ್ಣು ಮುಚ್ಚಿ ಹಿಂದಿನ ದಿನದ ಪನಸವನ್ನು ಹೇಳಿಕೊಳ್ಳುತ್ತಿದ್ದ. ಒಂದು ಕಡೆ ತಡೆಯಿತು. ಹಿಂದಕ್ಕೆ ಹೋಗಿ ಬಂದ, ಮತ್ತೆ ತಡೆಯಿತು. ನಾಲ್ಕು ಮೆಟ್ಟಿಲು ಕೆಳಗೆ ಪಂಚೆ ಹಿಂಡುತ್ತಿದ್ದ ಇನ್ನೊಬ್ಬ ಹುಡುಗ ತಲೆ ಎತ್ತದೆಯೇ ಮುಂದಿನ ಪದ ಹೇಳಿದ.